ಪೂಜೆಗೆ ಮೊದಲು ಒತ್ತಬಾರದ ಗುಂಡಿ

“ಗುರುಗಳೇ, ಒಬ್ಬನಿಗೆ ಕೆಲಸ ಬರುವುದಿಲ್ಲ ಎಂದು ಎಷ್ಟು ದಿನದಲ್ಲಿ ತೀರ್ಮಾನಿಸಬಹುದು?”

ಕೇಳಿದವನು ಆಶ್ರಮದ ಅಡುಗೆಮನೆಯ ಹೊಣೆ ಹೊತ್ತ ಶಿಷ್ಯ. ಆ ವರ್ಷ ಅವನು ಇಬ್ಬರು ಅಡುಗೆಯವರನ್ನು ಬಿಡಿಸಿ ಕಳುಹಿಸಿದ್ದ. ಈಗ ಮೂರನೆಯವನನ್ನೂ ಕಳುಹಿಸಲು ಅಪ್ಪಣೆ ಬೇಡಿ ಬಂದಿದ್ದ.

“ಅವನು ಮಾಡಿದ ತಪ್ಪೇನು?” ಎಂದರು ಗುರುಗಳು.

“ಸಾರು ಬಾಯಿಗಿಡಲಾಗದಷ್ಟು ಉಪ್ಪು. ಹಿಂದಿನ ಇಬ್ಬರದೂ ಅದೇ ಹಾಡು, ಇವನದೂ ಅದೇ. ಅಳತೆ ತಪ್ಪಬಾರದೆಂದು ಉಪ್ಪನ್ನು ನಾನೇ ಕೈಯಾರೆ ಅಳೆದು ಕೊಡುತ್ತೇನೆ. ಆದರೂ ಹೀಗೆ. ನನಗೆ ಸಾಕಾಗಿಹೋಗಿದೆ.”

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ಮಾತು ಪೇಟೆಯಲ್ಲಿ ನಡೆಯುತ್ತಿತ್ತು. ಅವನು ಹೊಗಳಿದ ವೈದ್ಯರ ಬಳಿಗೆ ಜನ ಹೋಗುತ್ತಿದ್ದರು. ಅವನು ಮೂಗು ಮುರಿದ ಹೋಟೆಲಿನಲ್ಲಿ ಇಡ್ಲಿ ಹಳಸುತ್ತಿತ್ತು.

ವರ್ತಕನಿಗೆ ಒಂದು ಕಂಪ್ಯೂಟರ್ ಬೇಕಾಯಿತು. ಸಿದ್ಧವಾಗಿ ಬರುವುದರ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಬಿಡಿಭಾಗಗಳನ್ನು ತರಿಸಿ, ತನ್ನ ಕಣ್ಣೆದುರಿಗೇ ಜೋಡಿಸಬೇಕೆಂದು ಒಬ್ಬ ಕೆಲಸಗಾರನನ್ನು ಕರೆಸಿದ. ಆ ಕೆಲಸಗಾರ ಅಂಗಡಿ ತೆರೆದು ಮೂರು ತಿಂಗಳಾಗಿತ್ತು ಅಷ್ಟೇ. ಈ ಒಂದು ಕೆಲಸ ವರ್ತಕನಿಗೆ ಮೆಚ್ಚುಗೆಯಾದರೆ ಪೇಟೆಯಲ್ಲಿ ತಾನು ಬದುಕಿಕೊಂಡೆ ಎಂದು ಅವನು ಲೆಕ್ಕ ಹಾಕಿದ್ದ. ಎರಡು ದಿನ ತಲೆಯೆತ್ತದೆ ಜೋಡಿಸಿದ.

ಮುಗಿದ ಮೇಲೆ ಕೇಳಿದ: “ಒಂದು ಸಲ ಚಾಲೂ ಮಾಡಿ ನೋಡಿಬಿಡಲೇ, ಸಾಹುಕಾರರೇ?”

“ನೈವೇದ್ಯದ ರುಚಿ ನೋಡಿ ಆಮೇಲೆ ದೇವರ ಮುಂದೆ ಇಡುತ್ತಾರೇನಯ್ಯ? ಮೊದಲು ಪೂಜೆ. ಗುಂಡಿ ಒತ್ತುವವನು ನಾನು.”

ಪೂಜೆಯಾಯಿತು. ನೆರೆಹೊರೆಯ ಅಂಗಡಿಯವರೆಲ್ಲ ಬಂದಿದ್ದರು. ವರ್ತಕ ಯಂತ್ರಕ್ಕೆ ಗಂಧ ಕುಂಕುಮ ಬಳಿದ, ಹೂವಿಟ್ಟ, ಅಕ್ಷತೆ ಹಾಕಿದ, ಕೈ ಮುಗಿದು ಗುಂಡಿ ಒತ್ತಿದ. ದೀಪವಿಲ್ಲ, ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಏನೂ ಇಲ್ಲ. ಬಂದವರು ಪ್ರಸಾದ ತಿನ್ನುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೆಲಸಗಾರ, “ಬಿಚ್ಚಿ ನೋಡುತ್ತೇನೆ, ಐದೇ ನಿಮಿಷ,” ಎಂದ. ವರ್ತಕ ಬಾಗಿಲು ತೋರಿಸಿದ. ಅಂದಿನಿಂದ ಸೀರೆ ಕೊಳ್ಳಲು ಬಂದವರಿಗೆಲ್ಲ ಸೀರೆಗಿಂತ ಮೊದಲು ಆ ಕೆಲಸಗಾರನ ಕೈಗುಣದ ವರ್ಣನೆಯೇ ಸಿಕ್ಕಿತು. ಅವನಿಗೆ ಹತ್ತು ಕಂಪ್ಯೂಟರ್ ಜೋಡಿಸಲು ಹೇಳಿದ್ದ ಶಾಲೆಯವರು ಬೇಡವೆಂದು ಹೇಳಿ ಕಳುಹಿಸಿದರು.

ಎರಡನೆಯವನು ಬಂದ. ಅವನು ವಿದ್ಯುತ್ ಒದಗಿಸುವ ಪೆಟ್ಟಿಗೆಯನ್ನು ಬದಲಿಸಿದ. ಮೆಮೊರಿ ಬದಲಿಸಿದ. ಕೊನೆಗೆ ಮದರ್‌ಬೋರ್ಡನ್ನೇ ಬದಲಿಸಿದ. ಹೊರಗಿನ ಪೆಟ್ಟಿಗೆಯೊಂದು ಮಾತ್ರ ಹಳೆಯದೇ ಉಳಿಯಿತು. ಪೂಜೆಯಾದದ್ದನ್ನು ಎಸೆಯಬಾರದೆಂದು ವರ್ತಕ ಬಿಡಲಿಲ್ಲ. ಮತ್ತೆ ಗಂಧ, ಮತ್ತೆ ಅಕ್ಷತೆ. ಮತ್ತೆ ಅದೇ ಮೌನ. ತೆಗೆದ ಭಾಗಗಳು ಬೇರೆ ಯಂತ್ರದಲ್ಲಿ ಚೆನ್ನಾಗಿಯೇ ನಡೆಯುತ್ತಿವೆ ಎಂದು ಎರಡನೆಯವನು ಹೇಳಲು ಹೋದ. ಕೇಳುವವರಿರಲಿಲ್ಲ. “ಎರಡು ತಂತಿ ನೆಟ್ಟಗೆ ಸೇರಿಸುವವರು ಈ ಪೇಟೆಯಲ್ಲಿ ಹುಟ್ಟಿಯೇ ಇಲ್ಲ,” ಎಂದ ವರ್ತಕ.

ಮೂರನೆಯ ಸಲ ರಿಪೇರಿ ಅಂಗಡಿಯ ಒಬ್ಬ ಹೆಂಗಸನ್ನು ಕರೆಸಿದ. ಅವಳೂ ತಂತಿಗಳನ್ನೆಲ್ಲ ಮತ್ತೆ ಸೇರಿಸಿದಳು. ಅವಳ ಸರದಿಗೂ ಪೂಜೆಯಾಯಿತು. ಯಂತ್ರ ಅಲುಗಲಿಲ್ಲ. “ನಿನ್ನ ಕೈಯಲ್ಲೂ ಇಷ್ಟೇ ಏನಮ್ಮ?” ಎಂದು ವರ್ತಕ ಶುರುಮಾಡಿದ. ಅವಳು ಅಪ್ಪಣೆ ಕೇಳುತ್ತ ಕೂರಲಿಲ್ಲ. ಅವನು ಬಯ್ಯುತ್ತಿದ್ದಂತೆಯೇ ಪಕ್ಕದ ಮುಚ್ಚಳ ತೆಗೆದಳು. ಗುಂಡಿಯಿಂದ ಬೋರ್ಡಿಗೆ ಬಂದಿದ್ದ ಸಣ್ಣ ತಂತಿಯನ್ನು ಕಿತ್ತು, ಅದು ಕೂತಿದ್ದ ಎರಡು ಕಡ್ಡಿಗಳಿಗೆ ಒಟ್ಟಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದಳು.

ಫ್ಯಾನು ತಿರುಗಿತು. ದೀಪ ಹತ್ತಿತು.

“ಜೋಡಣೆ ಸರಿಯಾಗಿದೆ, ಸಾಹುಕಾರರೇ. ಮೊದಲಿನಿಂದಲೂ ಸರಿಯಾಗಿಯೇ ಇದ್ದಿರಬೇಕು. ನೀವು ಒತ್ತಿದ್ದು ಒಳಗೆ ಮುಟ್ಟುತ್ತಿಲ್ಲ.”

ಅವಳು ಗುಂಡಿಯನ್ನು ಬಿಚ್ಚಿದಳು. ಅದರ ಸಂದಿಯಲ್ಲಿ ಅಕ್ಷತೆಯ ಒಂದು ಕಾಳು, ಒಣಗಿದ ಗಂಧದಲ್ಲಿ ಅಂಟಿ ಕೂತಿತ್ತು.

ವರ್ತಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ತಾಂಬೂಲದ ಜೊತೆ ಒಂದು ಸೀರೆ ಕೊಟ್ಟ. ಆ ಕಾಳಿನ ಕತೆಯನ್ನು ಬಂದವರಿಗೆಲ್ಲ ಹೇಳಿದ. ಕೇಳಿದವರೂ ನಕ್ಕರು, ಎಷ್ಟು ದೈವಭಕ್ತಿಯವನು ಎಂದು ಮೆಚ್ಚಿಕೊಂಡರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನೂ ನಗುತ್ತಿದ್ದ. “ಅಂತೂ ದೋಷ ಸಿಕ್ಕಿತಲ್ಲ, ಗುರುಗಳೇ. ಯಾರಿಗೂ ನಷ್ಟವಾಗಲಿಲ್ಲ.”

“ಮೊದಲು ಜೋಡಿಸಿದವನು ಅಷ್ಟರಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ,” ಎಂದರು ಗುರುಗಳು.

ಶಿಷ್ಯ ಎದ್ದು ಅಡುಗೆಮನೆಗೆ ಹೋಗಿ, ಅಂದಿನ ಉಪ್ಪನ್ನು ಅಳೆಯಲು ಅಡುಗೆಯವನಿಗೇ ಬಿಟ್ಟ.