ಆನೆಯ ಲದ್ದಿಗೆ ನಾರು ಬಂದದ್ದು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ, ಹೊಳೆಗಳು ಆಗಷ್ಟೇ ಹರಿಯಲು ಕಲಿಯುತ್ತಿದ್ದವು. ಆಗ ಚೆಂಬಿ ಎಂಬ ಆನೆಯೊಬ್ಬಳಿದ್ದಳು. ಅವಳಂಥ ಅನುಮಾನದವಳು ಇಡೀ ಕಾಡಿನಲ್ಲಿ ಇರಲಿಲ್ಲ. ಗಾಳಿ ಮೈ ಸವರಿದರೂ "ಏನು ಬೇಕಾಗಿತ್ತು?" ಎಂದು ಕೇಳುವವಳು.

ಎಲ್ಲಕ್ಕಿಂತ ಹೆಚ್ಚು ಅನುಮಾನ ಅವಳಿಗೆ ನಾರಿನ ಮೇಲೆ. ನಾರಿನಿಂದ ಹಗ್ಗವಾಗುತ್ತದೆ, ಅದು ಹೊಟ್ಟೆಗೆ ಹೋದರೆ ಕರುಳನ್ನೇ ಕಟ್ಟಿಹಾಕದೆ ಬಿಡುತ್ತದೆಯೇ? ಹಾಗಾಗಿ ಮಗ ಬೊಮ್ಮನಿಗೆ ಬಾಳೆಹಣ್ಣು ಸುಲಿದು, ಹಲಸಿನ ತೊಳೆಯ ಎಳೆ ಬಿಡಿಸಿ, ಕಬ್ಬಿನ ರಸ ಹಿಂಡಿ ತಿನ್ನಿಸುತ್ತಿದ್ದಳು.

ಹೊಳೆಯ ನೀರನ್ನಂತೂ ಮುಟ್ಟಗೊಡುತ್ತಿರಲಿಲ್ಲ. ಎಲ್ಲಿಂದಲೋ ಬಂದದ್ದು, ಏನೇನು ತೊಳೆದುಕೊಂಡು ಬಂದಿದೆಯೋ. ಎಲೆಯ ಮೇಲಿನ ಇಬ್ಬನಿಯೇ ಸಾಕು ಎನ್ನುತ್ತಿದ್ದಳು.

ಒಂದು ದಿನ ಬೊಮ್ಮನ ಹೊಟ್ಟೆ ಕಟ್ಟಿತು. ತಿಣುಕಿದ, ಅತ್ತ, ಲದ್ದಿ ಮಾತ್ರ ಬರಲಿಲ್ಲ. ಊದಿದ ಹೊಟ್ಟೆ ಹೊತ್ತು ನೆಲಕ್ಕೊರಗಿದ. ಚೆಂಬಿಗೆ ಜೀವ ಬಾಯಿಗೆ ಬಂತು.

"ಯಾರೋ ಏನೋ ಹಾಕಿದ್ದಾರೆ" ಎಂದಳು. ಕೋತಿಯ ಮೇಲೆ ಅನುಮಾನ, ಮುಳ್ಳುಹಂದಿಯ ಮೇಲೆ ಅನುಮಾನ. ಅವರನ್ನು ಹಿಡಿದು ಕೇಳೋಣವೆಂದು ಹೊರಟವಳು ತಿರುಗಿ ನೋಡಿದರೆ, ಅತ್ತೆ ಹೊನ್ನವ್ವ ಮರದ ತೊಗಟೆ ಸೀಳಿ ಸೀಳಿ ಮೊಮ್ಮಗನ ಬಾಯಿಗಿಡುತ್ತಿದ್ದಾಳೆ.

"ಅತ್ತೆ, ನನ್ನ ಕೂಸಿಗೆ ಏನು ತಿನ್ನಿಸ್ತಿದ್ದೀರಿ?"

"ನಾರು ಕಣೆ. ಒಳಗೆ ನಿಂತಿರೋದನ್ನ ತಳ್ಕೊಂಡು ಹೋಗುತ್ತೆ."

ಚೆಂಬಿ ತಡೆಯುವಷ್ಟರಲ್ಲಿ ಬೊಮ್ಮ ಅದನ್ನು ನುಂಗಿಬಿಟ್ಟಿದ್ದ. ಸಂಜೆಗೆ ಅವನ ಹೊಟ್ಟೆ ಇನ್ನಷ್ಟು ಬಿಗಿಯಿತು. "ನೋಡಿದ್ರಾ? ನಾನು ಅಂದ್ಕೊಂಡಂಗೇ ಆಯ್ತು" ಎಂದಳು ಚೆಂಬಿ. ಹೊನ್ನವ್ವ ತಲೆ ತಗ್ಗಿಸಿದಳು. ಅವಳಿಗೂ ಭಯವಾಗಿತ್ತು.

ಆಗ ಹೊಳೆ ಮೆಲ್ಲಗೆ ಹೇಳಿತು: "ಚೆಂಬವ್ವ, ಒಣ ನಾರು ಒಂದೇ ಹೋಗಿ ಏನು ಮಾಡೀತು? ಅದು ನೀರು ಕುಡಿದು ಮೆತ್ತಗಾಗಬೇಕು. ನನ್ನನ್ನೂ ಒಳಗೆ ಬಿಡು."

"ನಿನ್ನನ್ನ ಹೇಗೆ ನಂಬಲಿ?"

"ನಂಬಬೇಡ. ನೀನೇ ಮೊದಲು ಕುಡಿ."

ಚೆಂಬಿ ಒಂದಿಷ್ಟು ತೊಗಟೆ ಜಗಿದಳು. ಹೊಳೆಯ ದಡಕ್ಕೆ ಹೋಗಿ ಕಣ್ಣು ಮುಚ್ಚಿ ಸೊಂಡಿಲು ತುಂಬ ನೀರು ಕುಡಿದಳು. ಸಾಯುತ್ತೇನೇನೋ ಎಂದು ಕಾದಳು. ಸಾಯಲಿಲ್ಲ. ಮತ್ತೆ ಸೊಂಡಿಲು ತುಂಬಿಕೊಂಡು ಓಡಿ, ಮಗನ ಬಾಯಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟಳು.

ಮರುದಿನ ಬಿಸಿಲೇರುವ ಹೊತ್ತಿಗೆ ಬೊಮ್ಮನ ಹೊಟ್ಟೆ ಗುಡುಗುಡು ಎಂದಿತು. ಧಪ್, ಧಪ್, ಧಪ್. ಮೆತ್ತನೆಯ ಲದ್ದಿ ರಾಶಿ ಬಿತ್ತು. ಬೊಮ್ಮ ಎದ್ದು ನಿಂತು ಕಿವಿಯಾಡಿಸಿದ.

ಚೆಂಬಿಗೆ ಆಗಲೂ ನಂಬಿಕೆಯಿಲ್ಲ. ಲದ್ದಿಯನ್ನು ಸೊಂಡಿಲಿನಿಂದ ಬಿಡಿಸಿ ನೋಡಿದಳು. ತಿಂದ ನಾರೆಲ್ಲ ಅಲ್ಲೇ ಇತ್ತು. ಕರುಳಿಗೆ ಸುತ್ತಿಕೊಂಡಿರಲಿಲ್ಲ, ಕಟ್ಟಿ ನಿಂತಿದ್ದನ್ನು ಹೊರಗೆ ತಂದು ತಾನೂ ಬಂದಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಅತ್ತೆ, ನಿಮ್ಮ ಮೇಲೇ ಅನುಮಾನಪಟ್ಟೆನಲ್ಲ."

"ಕೂಸಿನ ತಾಯಿ ನೀನು, ಪಡದೆ ಏನ್ಮಾಡ್ತೀಯ" ಎಂದು ಹೊನ್ನವ್ವ ಸೊಸೆಯ ಬೆನ್ನು ಸವರಿದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಆನೆ ಕಬ್ಬನ್ನು ಸಿಪ್ಪೆ ಸಮೇತ ಜಗಿದು ನೇರ ಹೊಳೆಗೆ ನಡೆಯುತ್ತದೆ, ದಾರಿಯಲ್ಲಿ ಅದು ಹಾಕಿದ ಲದ್ದಿಯನ್ನು ಕೋಲಿನಿಂದ ಬಿಡಿಸಿ ನೋಡಿದರೆ ಒಳಗೆಲ್ಲ ನಾರೇ ನಾರು.