ಬೆಳ್ಳಕ್ಕನ ಮನೆಯ ನಾಮಕರಣಗಳು

ಮಕ್ಕಳೇ, ಬಂಡೆಗಳೇ ಹೆಚ್ಚಿದ್ದ ಒಂದು ಕಾಡಿನಲ್ಲಿ ಬೆಳ್ಳಕ್ಕ ಎಂಬ ಮೊಲ ಇದ್ದಳು. ಅವಳ ಬಿಲದ ಮುಂದೆ ನೀರು ನಿಲ್ಲುವ ಎರಡು ಪುಟ್ಟ ಕಲ್ಲುಹೊಂಡಗಳಿದ್ದವು. ಒಂದು ದಿನ ಅವಳು ಸೋರೆಬುರುಡೆಯಲ್ಲಿ ಹಳ್ಳದಿಂದ ಒಂದು ಜೋಡಿ ಮೀನು ತಂದು ಒಂದು ಹೊಂಡದಲ್ಲಿ ಸಾಕಿಕೊಂಡಳು. ಹೆಣ್ಣುಮೀನು ಕೆಂಬಾಲೆ ಎಂದರೆ ಅವಳಿಗೆ ಪ್ರಾಣ.

ತಿಂಗಳೊಳಗೆ ಮರಿಗಳಾದವು. ಬೆಳ್ಳಕ್ಕ ನೆರೆಯವರನ್ನೆಲ್ಲ ಕರೆದು ನಾಮಕರಣ ಮಾಡಿದಳು. ಮೀನಿಗೆ ಕಿವಿ ಎಲ್ಲಿದೆಯೆಂದು ಹುಡುಕಿ ಸಾಕಾಗಿ, ನೀರಿಗೇ ಬಾಯಿಟ್ಟು ಒಂದೊಂದು ಹೆಸರನ್ನೂ ಮೂರು ಸಲ ಹೇಳಿದಳು. ಅಳಿಲು, ಮುಂಗುಸಿ ಎಲ್ಲರೂ ಜೇನು ಕಲಸಿದ ಅವಲಕ್ಕಿ ತಿಂದು, ಸಂತಾನ ಬೆಳೆಯಲಿ ಎಂದು ಹರಸಿ ಹೋದರು.

ಸಂತಾನ ಬೆಳೆಯಿತು. ಮರುತಿಂಗಳು ಮತ್ತೆ ಮರಿ, ಮತ್ತೆ ಅವಲಕ್ಕಿ. ಆಮೇಲೆ ಮರಿಗಳೂ ಮರಿ ಹಾಕತೊಡಗಿದವು. ಹೊಂಡದಲ್ಲಿ ನೀರಿಗಿಂತ ಮೀನೇ ಹೆಚ್ಚು ಕಾಣುತ್ತಿತ್ತು.

ಆಮೆ ಚಿಪ್ಪಜ್ಜ ಒಬ್ಬನೇ ಎಚ್ಚರಿಸಿದ. ಅರ್ಧದಷ್ಟು ಮೀನನ್ನು ಹಳ್ಳಕ್ಕೆ ಬಿಡು, ಉಳಿದ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಹೊಂಡದಲ್ಲಿಡು ಅಂದ.

"ಹೆಸರಿಟ್ಟ ಮಕ್ಕಳನ್ನು ಯಾರಾದರೂ ಮನೆಯಿಂದ ಕಳಿಸುತ್ತಾರೇನಜ್ಜ?" ಎಂದು ಬೆಳ್ಳಕ್ಕ ಮುಖ ತಿರುಗಿಸಿದಳು. ಮೊಲದ ಮನೆಯಲ್ಲಿ ಮಕ್ಕಳನ್ನು ಎಣಿಸುವ ರೂಢಿ ಎಲ್ಲಿಯದು?

ಕೆಲವು ದಿನ ಕಳೆದ ಮೇಲೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಪಾಪ, ಹಸಿವೆಂದುಕೊಂಡು ಬೆಳ್ಳಕ್ಕ ಅವಲಕ್ಕಿ ಸುರಿದಳು. ಅದು ಕೊಳೆತು ನೀರು ನಾರಿತು. ಮಾರನೆಯ ಬೆಳಿಗ್ಗೆ ಕೆಂಬಾಲೆ ಒಂದು ಮಗ್ಗುಲಾಗಿ ತೇಲುತ್ತ, ಕಷ್ಟದಿಂದ ಬಾಯಿ ಆಡಿಸುತ್ತಿತ್ತು.

ಬೆಳ್ಳಕ್ಕ ಅಳುತ್ತ ಚಿಪ್ಪಜ್ಜನ ಬಳಿ ಓಡಿದಳು.

"ಅವು ಕೇಳುತ್ತಿರುವುದು ತಿಂಡಿಯಲ್ಲ ತಾಯಿ, ಉಸಿರು" ಅಂದ ಅಜ್ಜ. "ಬುರುಡೆ ತಗೊಂಡು ಬಾ."

ಮೊದಲು ಕೆಂಬಾಲೆಯನ್ನು ಪಕ್ಕದ ಹೊಂಡದ ತಿಳಿನೀರಿಗೆ ಬಿಟ್ಟರು. ಆಮೇಲೆ ಬುರುಡೆ ಬುರುಡೆ ತುಂಬಿ ಮೀನುಗಳನ್ನು ಹಳ್ಳಕ್ಕೆ ಸಾಗಿಸಿದರು. ಬೆಳ್ಳಕ್ಕ ಒಂದೊಂದರ ಹೆಸರನ್ನೂ ಕರೆದಳು. ಒಂದೂ ತಿರುಗಿ ನೋಡಲಿಲ್ಲ. ಅವಳಿಗೆ ತುಂಬ ನೋವಾಯಿತು. ಉಳಿದ ನಾಲ್ಕು ಹೆಣ್ಣುಗಳನ್ನು ಕೆಂಬಾಲೆಯ ಜೊತೆಗಿಟ್ಟಳು. ಹಳೆಯ ಹೊಂಡ ತೊಳೆದು ಹೊಸ ನೀರು ತುಂಬಿಸಿ ಅಲ್ಲಿ ಗಂಡುಗಳನ್ನು ಬಿಟ್ಟಳು.

ಆಮೇಲೆ ನಾಮಕರಣಗಳು ನಿಂತವು. ಅಳಿಲು ಎರಡು ಸಲ ಬಂದು ವಿಚಾರಿಸಿಕೊಂಡು ಹೋಯಿತು.

ಒಂದು ಬೆಳಿಗ್ಗೆ ಬೆಳ್ಳಕ್ಕ ಹೊಂಡಕ್ಕೆ ಇಣುಕಿದಳು. ಕೆಂಬಾಲೆ ತಳದ ಕಲ್ಲುಗಳ ನಡುವೆ ಆರಾಮವಾಗಿ ಸುತ್ತುತ್ತಿತ್ತು. ಕರೆದರೂ ಮೇಲೆ ಬರಲಿಲ್ಲ. ಬರದಿದ್ದುದಕ್ಕೇ ಬೆಳ್ಳಕ್ಕನಿಗೆ ಸಂತೋಷವಾಯಿತು.

ನೀತಿ: ಸಾಕುವವರಿಗೆ ಪ್ರೀತಿಯಷ್ಟೇ ಸಾಲದು, ಇರುವ ಜಾಗ ಎಷ್ಟು ಜೀವಕ್ಕೆ ಸಾಕು ಎಂಬುದೂ ತಿಳಿದಿರಬೇಕು.