ಬೀಳುವವನ ಹಾಸಿಗೆ

“ಗುರುಗಳೇ, ಮೊಣಕಾಲು ಅವನದು, ತಂಡ ಮಾಲೀಕರದು. ನಡುವೆ ನಾನೇಕೆ ಬಾಯಿ ಹಾಕಬೇಕು?”

ಹೀಗೆ ಕೇಳಿದವನು ಭರಮಣ್ಣ, ಕಬಡ್ಡಿ ತಂಡವೊಂದರ ನಾಯಕ. ಮರುದಿನ ಫೈನಲ್. ಜೊತೆಯ ಆಟಗಾರ ಫಕೀರೇಶನ ಮೊಣಕಾಲು ಊದಿಕೊಂಡಿತ್ತು. ನೋವು ತಿಳಿಯದಂತೆ ಇಂಜೆಕ್ಷನ್ ಕೊಟ್ಟು ಅವನನ್ನು ಆಡಿಸುವುದೆಂದು ಮಾಲೀಕರು ತೀರ್ಮಾನಿಸಿದ್ದರು. ಆಡಿದರೆ ಆ ಕಾಲು ಮತ್ತೆ ನೆಟ್ಟಗಾಗದೆಂದು ವೈದ್ಯರು ಭರಮಣ್ಣನ ಕಿವಿಯಲ್ಲಿ ಹೇಳಿದ್ದರು. ನಾಯಕ ಬೇಡವೆಂದರೆ ಎಲ್ಲವೂ ನಿಲ್ಲುತ್ತಿತ್ತು. ಆದರೆ ಬೇಡವೆಂದ ನಾಯಕನನ್ನು ಮುಂದಿನ ವರ್ಷ ಯಾರು ಉಳಿಸಿಕೊಳ್ಳುತ್ತಾರೆ? ಭರಮಣ್ಣನಿಗೆ ಭಯವಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪೈಲ್ವಾನನಿದ್ದ. ಅವನ ಬೆನ್ನಿಗೆ ಮಣ್ಣು ಹತ್ತಿಸಿದವರು ಯಾರೂ ಇರಲಿಲ್ಲ. ಆ ಊರಿನ ಗರಡಿಯಲ್ಲಿ ಒಂದು ಪದ್ಧತಿ. ಕುಸ್ತಿಗೆ ಮೊದಲು ಸೆಣಸುವ ಇಬ್ಬರೂ ಗುದ್ದಲಿ ಹಿಡಿದು ಕಣದ ಮಣ್ಣನ್ನು ಅಗೆಯಬೇಕು. ಹೆಂಟೆ ಒಡೆದು, ಎಣ್ಣೆ ಮಜ್ಜಿಗೆ ಬೆರೆಸಿ, ಮೆತ್ತಗೆ ಮಾಡಬೇಕು. “ಮೊದಲು ಬೀಳುವವನಿಗೆ ಹಾಸಿಗೆ ಹಾಸಿ, ಆಮೇಲೆ ಬೀಳಿಸಿ” ಎನ್ನುತ್ತಿದ್ದರು ಗರಡಿಯ ಹಿರಿಯರು. ಎಂದೂ ಬೀಳದ ಪೈಲ್ವಾನನೂ ಅಗೆಯುತ್ತಿದ್ದ. ಅವನೇ ಗುದ್ದಲಿ ಹಿಡಿದ ಮೇಲೆ ಉಳಿದವರು ಹಿಡಿಯದಿರುವುದುಂಟೇ?

ಆ ಊರಿಗೆ ಒಬ್ಬ ವರ್ತಕ ಬಂದ. ಕಣದ ಸುತ್ತ ಮೆಟ್ಟಿಲು ಕಟ್ಟಿಸಿದ, ಟಿಕೆಟ್ಟು ಮಾರಿದ. ಜನ ಕಿಕ್ಕಿರಿದರು. ಆದರೆ ಹಿಂದಿನ ಸಾಲಿನವರದು ಒಂದೇ ಗೊಣಗಾಟ. ಮೆತ್ತನೆಯ ಮಣ್ಣಿನಲ್ಲಿ ಬಿದ್ದರೆ ಸದ್ದೇ ಇಲ್ಲ. ಇದೇನು ಕುಸ್ತಿಯೋ, ತೊಟ್ಟಿಲು ತೂಗುವುದೋ! ವರ್ತಕ ಪೈಲ್ವಾನನ ಬಳಿಗೆ ಬಂದ.

“ಪೈಲ್ವಾನರೇ, ನಾಳೆಯಿಂದ ಅಗೆಯುವುದು ಬೇಡ. ನೆಲವನ್ನು ಗಟ್ಟಿಯಾಗಿ ಬಡಿಸುತ್ತೇನೆ. ಒಬ್ಬ ಬಿದ್ದರೆ ಊರಿಗೆಲ್ಲ ಕೇಳಿಸಬೇಕು.”

“ಬಿದ್ದವನ ಎಲುಬು ಮುರಿದರೆ?”

“ಮುರಿಯುವುದು ಬಿದ್ದವನದು. ನೀವೇನು ಬೀಳುವವರೇ?”

ಮಾತು ಪೈಲ್ವಾನನಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ನಾಚಿಕೆಯೂ ಆಯಿತು. ವರ್ತಕನ ಮನೆಯಿಂದ ಬಾದಾಮಿ ಹಾಲು ಬರುವವರೆಗೆ ಆ ನಾಚಿಕೆ ಇತ್ತು. ಹಾಲು ಕುಡಿದು ಅವನು ಗುದ್ದಲಿಯನ್ನು ಗೋಡೆಗೆ ಒರಗಿಸಿದ.

ಮೊದಲ ಪಟ್ಟಿಗೇ ಎದುರಾಳಿ ಧೊಪ್ಪೆಂದು ಬಿದ್ದ. ಜನ ಎದ್ದು ಕುಣಿದರು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ಪೈಲ್ವಾನನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಂದಿನ ಕುಸ್ತಿಗಳಲ್ಲಿ ಒಬ್ಬನ ಪಕ್ಕೆಲುಬು ಹೋಯಿತು. ಮತ್ತೊಬ್ಬನ ಭುಜ ಜಾರಿತು. ಜೊತೆಯಲ್ಲೇ ಬೆಳೆದ ಗೆಳೆಯ ಅವನ ಕೈಯಿಂದಲೇ ಬಿದ್ದು ಹಾಸಿಗೆ ಹಿಡಿದ. ನೋಡಲು ಹೋದರೆ ಆ ಗೆಳೆಯ ಬೈಯಲಿಲ್ಲ. “ನೀನು ಎತ್ತಿದ್ದು ಚೆನ್ನಾಗಿತ್ತು ಕಣೋ. ಮಣ್ಣು ಗಟ್ಟಿಯಿತ್ತು” ಎಂದ, ಅಷ್ಟೆ.

ಅಂದು ಪೈಲ್ವಾನನಿಗೆ ಅನ್ನ ಸೇರಲಿಲ್ಲ. ಗರಡಿಗೆ ಹೋಗಿ ಗುದ್ದಲಿಯ ಮುಂದೆ ನಿಂತ. ಅವನು ಅದನ್ನು ಎತ್ತಿಕೊಂಡಿದ್ದರೆ ಬೇಡವೆನ್ನುವ ಎದೆ ಊರಿನಲ್ಲಿ ಯಾರಿಗೂ ಇರಲಿಲ್ಲ, ವರ್ತಕನಿಗೂ ಇರಲಿಲ್ಲ. ಅವನು ಎತ್ತಿಕೊಳ್ಳಲಿಲ್ಲ. ಗುದ್ದಲಿಯ ಕಾವಿಗೆ ಗೆದ್ದಲು ಹತ್ತಿತು.

ವಯಸ್ಸು ಯಾರನ್ನು ಬಿಟ್ಟೀತು? ಒಂದು ದಿನ ಪರವೂರಿನ ಜಟ್ಟಿಯೊಬ್ಬ ಅವನನ್ನು ಎತ್ತಿ ಒಗೆದ. ಪೈಲ್ವಾನ ಏಳಲು ನೋಡಿದ, ಕಾಲು ಮಾತು ಕೇಳಲಿಲ್ಲ. ಅಂಗಾತ ಬಿದ್ದವನ ಕಿವಿಗೆ ಹಿಂದಿನ ಸಾಲಿನ ಕೂಗು ಸ್ಪಷ್ಟವಾಗಿ ಬಿತ್ತು: “ಭಲೇ! ಎಂಥ ಸದ್ದು!”

ಗುರುಗಳು ಕತೆ ನಿಲ್ಲಿಸಿದರು.

ಭರಮಣ್ಣನಿಗೆ ಸಿಟ್ಟು ಬಂದಿತ್ತು. “ಅಷ್ಟು ಜನರ ಎಲುಬು ಮುರಿಸಿದ ಆ ವರ್ತಕನಿಗೆ ಏನೂ ಆಗಲಿಲ್ಲವೇ ಗುರುಗಳೇ?”

“ವರ್ತಕ ಹುಟ್ಟಿದಾಗಿನಿಂದ ಗುದ್ದಲಿ ಮುಟ್ಟಿದವನಲ್ಲಪ್ಪ, ಹಿಡಿದದ್ದನ್ನು ಗೋಡೆಗೆ ಒರಗಿಸಿದವನು ಯಾರು?” ಎಂದರು ಗುರುಗಳು.